ಮಳೆ ತಂದ ಮಳಲು

ಒಂದಾನೊಂದು ಕಾಲದಲ್ಲಿ, ಅಂದರೆ ಜಪಾನಿನವರ ಯುದ್ಧ ನಡೆಯುತ್ತಿದ್ದಾಗ, ಮದ್ದೂರಿನ ಹತ್ತಿರ ಶಿಂಷಾ ಹೊಳೆಯ ದಡದಲ್ಲಿ ಸಣ್ಣತಾಯಿ ಎಂಬ ಹುಡುಗಿಯಿದ್ದಳು. ಅವಳ ತಾಯಿ ರೇವಮ್ಮ ಜ್ವರದಲ್ಲಿ ಬೇಯುತ್ತಿದ್ದರೂ ಗೌರಿಹಬ್ಬದ ಉಪವಾಸ ಹಿಡಿದಿದ್ದಳು. ಹೊಳೆಯ ಮರಳಿನಲ್ಲಿ ಮಾಡಿದ ಗೌರಿ ಮನೆಯಲ್ಲಿ ಕೂರುವ ತನಕ ತೊಟ್ಟು ನೀರೂ ಮುಟ್ಟುವುದಿಲ್ಲವೆಂದಳು.

"ನಾನು ತತ್ತೀನಿ ಕಣವ್ವ" ಎಂದು ಮಗಳು ಮಾತು ಕೊಟ್ಟಳು.

ಆದರೆ ಹೊಳೆ ದಡ ಮೀರಿ ಹರಿಯುತ್ತಿತ್ತು. ಮರಳೆಲ್ಲ ಕೆಂಪು ನೀರಿನ ಅಡಿಯಲ್ಲಿತ್ತು. ಸಣ್ಣತಾಯಿ ಕಾಲಿಟ್ಟೊಡನೆ ಸೆಳೆತ ಅವಳನ್ನು ಕೆಡವಿತು. ಮರದ ಬೇರು ಹಿಡಿದು ಹೇಗೋ ಮೇಲೆ ಹತ್ತಿ, ಬರಿಗೈಯಲ್ಲಿ ಮನೆಗೆ ಬಂದಳು.

"ಗದ್ದೆ ಮಣ್ಣಲ್ಲೇ ಮಾಡ್ಬುಡೇ ಹೆಣ್ಣೇ, ನಿಮ್ಮವ್ವಂಗೇನು ಗೊತ್ತಾದದು?" ಎಂದಳು ಪಕ್ಕದ ಮನೆಯ ಇಂದ್ರಮ್ಮ.

ಮಲಗಿದ್ದ ರೇವಮ್ಮನಿಗೆ ಕೇಳಿಸಿತು. "ಆ ತಾಯಿ ಹೆಸರೇ ಮಳಲಗೌರಿ. ಮಣ್ಣಿನವಳನ್ನ ನೀನೇ ಮಡಿಕ್ಕೊಳ್ಳವ್ವ ಇಂದ್ರಿ." ಅಷ್ಟು ಹೇಳುವಷ್ಟರಲ್ಲಿ ಒಣಗಿದ ತುಟಿ ಬಿರಿದು ರಕ್ತ ಬಂತು. ಆಮೇಲೆ ಮಗಳು ಎಷ್ಟು ಕರೆದರೂ ಅವಳು ಓಗೊಡಲಿಲ್ಲ.

ಸಣ್ಣತಾಯಿ ಹೊಸಿಲ ಮೇಲೆ ಕೂತಳು. ಆಗ ಅಜ್ಜಿಯ ಮಾತು ನೆನಪಾಯಿತು. ಅವಳು ಮರಳನ್ನು ಮಳಲು ಎಂದೇ ಕರೆಯುತ್ತಿದ್ದಳು. ಯಾಕೆಂದು ಕೇಳಿದ್ದಕ್ಕೆ, "ಮಳೆ ಒತ್ಕಬಂದು ಬುಟ್ಟೋದದ್ದು ಮಳಲು ಕಣ್ಮಗ. ಒಳೇಲಿರಾದೂ ಅದೇಯ" ಎಂದಿದ್ದಳು.

ಹುಡುಗಿ ಎದ್ದು ಗಾಡಿದಾರಿಗೆ ಓಡಿದಳು. ಮಳೆನೀರು ಹರಿದಿದ್ದ ಜಾಡುಗಳಲ್ಲಿ ಮರಳು ಬೆಳ್ಳಗೆ ಕೂತಿತ್ತು. ಅದನ್ನು ಮಡಿಲಿಗೆ ಬಾಚಿ ತಂದು, ತೊಳೆದು, ತಾಯಿಯ ಬೆರಳುಗಳನ್ನು ಅದರಲ್ಲಿ ಊರಿದಳು. ಬೆರಳುಗಳು ಮೆಲ್ಲಗೆ ಹೊಸಕಿ ನೋಡಿದವು.

"ಮಳಲೇಯ" ಎಂದಳು ರೇವಮ್ಮ.

ಸಣ್ಣತಾಯಿ ಅದರಲ್ಲೇ ಗೌರಿಯನ್ನು ಮಾಡಿ, ಮಣೆಯ ಮೇಲೆ ಕೂರಿಸಿ, ಕುಂಕುಮವಿಟ್ಟು, ತಾಯಿಯ ತುಟಿಗೆ ನೀರು ಹಿಡಿದಳು.