ಐದನೇ ಸಾಲು

ಅಂಜಿನಮ್ಮ ಸತ್ತ ಮೇಲೆ ನಮ್ಮೂರಿಗೆ ಇತಿಹಾಸದ ಮೇಲೆ ಎಲ್ಲಿಲ್ಲದ ಪ್ರೀತಿ ಬಂದಿದೆ. ಬದುಕಿದ್ದಾಗ ಅವಳನ್ನು ಕಲ್ಲಿನ ಹುಚ್ಚಿ ಎನ್ನುತ್ತಿದ್ದವರೇ ಸೇರಿ ಸ್ಮಾರಕ ಸಮಿತಿ ಮಾಡಿದ್ದಾರೆ. ಅಧ್ಯಕ್ಷ ಜಯಕುಮಾರ್. ಕೆರೆ ಪಕ್ಕದ ಹೊಲಗಳನ್ನು ಸೈಟು ಮಾಡಿ ಮಾರಿ, ಬಡಾವಣೆಗೆ ‘ಹೆರಿಟೇಜ್ ಲೇಕ್ ವ್ಯೂ’ ಎಂದು ಬೋರ್ಡು ಹಾಕಿದವನು. ಕೆರೆಯಲ್ಲಿ ನೀರಿಲ್ಲ, ನೋಟಕ್ಕೇನೂ ಕೊರತೆಯಿಲ್ಲ.

ಬೂದಿಗೆರೆ ರಸ್ತೆಯಲ್ಲಿ ಅಂಜಿನಮ್ಮ ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದಳು. ರಾಗಿ ಬೀಸಿಸಲು ಬಂದ ಮುದುಕಿಯರನ್ನು ಕೂರಿಸಿಕೊಂಡು ಮುಚ್ಚಿಹೋದ ಬಾವಿಗಳ, ಕಡಿದುಹೋದ ತೋಪುಗಳ ಹೆಸರು ಕೇಳುವಳು. ಯಂತ್ರದ ಸದ್ದಿಗೆ ಇಬ್ಬರೂ ಕೂಗಿಯೇ ಮಾತಾಡಬೇಕಿತ್ತು. ಸೋಮವಾರ ಗಿರಣಿಗೆ ರಜೆ. ಅಂದು, ವಾರವೆಲ್ಲ ನೆಲಕ್ಕೆ ಉದುರಿದ್ದ ಅಕ್ಕಿಹಿಟ್ಟು ಗುಡಿಸಿ ಡಬ್ಬಿಗೆ ತುಂಬಿ, ಕೆರೆಯ ತೂಬಿನ ಬಳಿಯಿದ್ದ, ಎಡಮೂಲೆ ಮುಕ್ಕಾದ ಶಾಸನದ ಕಲ್ಲಿಗೆ ಹೋಗುವಳು. ಕಲ್ಲು ತೊಳೆದು, ಒಣಗಿದ ಮೇಲೆ ಅಂಗೈಯಿಂದ ಹಿಟ್ಟು ಉಜ್ಜಿದರೆ ಸವೆದ ಅಕ್ಷರಗಳ ಗುಳಿಯಲ್ಲಿ ಹಿಟ್ಟು ಕೂತು ಅವು ಒಂದೊಂದಾಗಿ ಬೆಳ್ಳಗೆ ಕಾಣುತ್ತಿದ್ದವು. ಹಳೆಯ ಲಿಪಿಯ ಪಟ್ಟಿಯೊಂದನ್ನು ಎಲ್ಲಿಂದಲೋ ಜೆರಾಕ್ಸ್ ಮಾಡಿಸಿ ತಂದಿದ್ದಳು. ನಾಲ್ಕು ಸಾಲು ಓದಲು ಆರು ವರ್ಷ ಹಿಡಿಯಿತು. ಆ ತೂಬನ್ನು ಕಟ್ಟಿಸಿದ್ದು ಒಬ್ಬ ಹೆಂಗಸು. ಅಷ್ಟು ತಿಳಿಯಿತು, ಹೆಸರು ತಿಳಿಯಲಿಲ್ಲ. ರಾಗಿ ಬೀಸಿಸಲು ಹೋದ ನನ್ನನ್ನು ಒಮ್ಮೆ ತಡೆದು ನಿಲ್ಲಿಸಿದಳು.

“ಹೆಸರು ಐದ್ನೇ ಸಾಲಲ್ಲೈತೆ ಮೇಡಂನೋರೆ. ನನ್ ಕಣ್ಗೆ ಪೊರೆ ಬಂದ್ಬಿಟ್ಟೈತೆ, ಮೊಬೈಲಲ್ಲಿ ತೆಗುದ್ರೆ ಕಲ್ಲು ಕಾಣ್ತದೆ, ಅಕ್ಷರ ಕಾಣಲ್ಲ. ನೀವು ಕನ್ನಡ ಹೇಳ್ಕೊಡೋರು. ಒಂದ್ ಸೋಮವಾರ ಸ್ಕೂಲ್ ಬಿಟ್ಮೇಲೆ ಬಂದು ಬರ್ಕೊಂಬಿಡಿ.”

“ಬರ್ತೀನಿ ಅಂಜಿನಮ್ಮ, ಪರೀಕ್ಷೆ ಮುಗೀಲಿ.”

“ಮುಗೀಲಿ ಬಿಡಿ. ಆಯಮ್ಮ ಐನೂರು ವರ್ಷ ಕಾದವ್ಳೆ, ನಿಮ್ ಪರೀಕ್ಷೆಗೂ ಕಾಯ್ತಾಳೆ.”

ಎರಡು ವರ್ಷದ ಪರೀಕ್ಷೆಗಳು ಮುಗಿದವು. ನಾನು ಹೋಗಲಿಲ್ಲ. ಕೈಗೆ ಹಿಟ್ಟು ಮೆತ್ತಿಕೊಂಡು ಗಿರಣಿಯವಳ ಜೊತೆ ಕಲ್ಲಿನ ಮುಂದೆ ಕೂತರೆ ಸ್ಟಾಫ್ ರೂಮಿನಲ್ಲಿ ಏನೆಂದಾರು ಎಂಬ ಅಂಜಿಕೆ. ಅವಳು ಕಲ್ಲು ಸವರುವುದನ್ನು ಅಣಕಿಸಿ ಅದೇ ಸ್ಟಾಫ್ ರೂಮನ್ನು ನಗಿಸಿದವಳೂ ನಾನೇ.

ವರ್ಷದ ಪುಣ್ಯತಿಥಿಗೆ ಸಮಿತಿಯವರು ಕಾರ್ಯಕ್ರಮ ಇಟ್ಟರು. ಅಂದು ಬೆಳಿಗ್ಗೆ ನೋಟ್‌ಬುಕ್ಕು, ಒಂದು ಡಬ್ಬಿ ಅಕ್ಕಿಹಿಟ್ಟು ತೆಗೆದುಕೊಂಡು ಮೊದಲು ತೂಬಿನ ಬಳಿಗೇ ಹೋದೆ. ಅಂಜಿನಮ್ಮನ ಹೆಸರಿನ ಸಭೆಯಲ್ಲಿ ತೂಬು ಕಟ್ಟಿಸಿದ ಹೆಂಗಸಿನ ಹೆಸರು ಹೇಳಬೇಕೆಂದಿದ್ದೆ. ಕಲ್ಲಿದ್ದ ಜಾಗದಲ್ಲಿ ಗುಂಡಿಯಿತ್ತು, ಪಕ್ಕದಲ್ಲಿ ಜೆಸಿಬಿಯ ಚಕ್ರದ ಗುರುತು.

ಸಭೆಗೆ ಬಂದಾಗ ಜಯಕುಮಾರ್ ಪರದೆ ಸರಿಸುತ್ತಿದ್ದ. ಅಡುಗೆಮನೆಯ ಗ್ರಾನೈಟಿನಂತೆ ಹೊಳೆಯುವ ಕಲ್ಲು. ‘ಇತಿಹಾಸಪ್ರೇಮಿ ಅಂಜಿನಮ್ಮ’ ಎಂದು ಕೊರೆಸಿದ್ದರು. ಕೆಳಗೆ, ಅದಕ್ಕಿಂತ ದಪ್ಪ ಅಕ್ಷರದಲ್ಲಿ, ‘ದಾನಿಗಳು: ಶ್ರೀ ಜಯಕುಮಾರ್’. ಎಡಮೂಲೆಯ ಮುಕ್ಕು ನೋಡಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ.

“ಇದು ತೂಬಿನ ಹತ್ರ ಇದ್ದ ಕಲ್ಲಲ್ವ?”

“ಹೂಂ ಮೇಡಂ. ಆಯಮ್ಮಂಗೆ ಇಷ್ಟವಾದ ಕಲ್ಲು ಅಂತ ಅದ್ನೇ ತರುಸ್ದೆ. ಮೇಲೆಲ್ಲ ಗೀಚುಗೀಚಾಗಿತ್ತು, ಮಿಷನ್ ಹಾಕ್ಸಿ ನೈಸ್ ಮಾಡುಸ್ದೆ. ಎರಡು ದಿನ ಹಿಡೀತು ಗೊತ್ತಾ?”

ಭಕ್ತಿಯಿಂದಲೇ ಹೇಳಿದ.

“ಮೇಡಂ ಎರಡು ಮಾತಾಡ್ತಾರೆ,” ಎಂದು ಮೈಕು ನನ್ನತ್ತ ಚಾಚಿದ. “ಅವ್ರಿಗೂ ಆಯಮ್ಮಂಗೂ ಬಾಳ ಸ್ನೇಹ.”

ಮೈಕು ಮುಟ್ಟದೆ ಡಬ್ಬಿ ತೆರೆದು ಕಲ್ಲಿಗೆ ಹಿಟ್ಟು ಉಜ್ಜಿದೆ.

“ಅರಿಶಿನ ಕುಂಕುಮ ಅಲ್ವ ಇಕ್ಕೋದು?” ಮುಂದಿನ ಕುರ್ಚಿಯಿಂದ ಸಪ್ಪಲಮ್ಮ ಪಿಸುಗುಟ್ಟಿದಳು. “ಹಿಟ್ಯಾಕೆ?”

“ಓದಿರೋರು ಅವ್ರು, ಸುಮ್ನಿರೆ. ಏನೋ ಶಾಸ್ತ್ರ ಇರ್ತದೆ,” ಎಂದಳು ಪಕ್ಕದವಳು.

ಐದನೇ ಸಾಲು ಇರಬೇಕಾದ ಕಡೆ ಮತ್ತೆ ಮತ್ತೆ ಉಜ್ಜಿದೆ. ನುಣುಪು ಕಲ್ಲಿನ ಮೇಲೆ ನಿಲ್ಲದೆ ಹಿಟ್ಟು ಜಾರಿ ಕೆಳಗೆ ಇಳಿಯಿತು. ಇಳಿದದ್ದು ಕೊನೆಗೆ ದಾನಿಯ ಹೆಸರಿನಲ್ಲಿ ಹೋಗಿ ತುಂಬಿಕೊಂಡಿತು. ಹೊಸದಾಗಿ ಆಳಕ್ಕೆ ಕೊರೆದ ಅಕ್ಷರ, ದೂರಕ್ಕೂ ಬೆಳ್ಳಗೆ ಕಂಡಿತು.

“ಈಗ ಚೆನ್ನಾಗಿ ಕಾಣ್ತೈತೆ ಮೇಡಂ,” ಜಯಕುಮಾರ್ ನನ್ನ ಪಕ್ಕಕ್ಕೆ ಬಂದು ನಿಂತ. “ಕೈ ಅಲ್ಲೇ ಇರ್ಲಿ. ಒಂದು ಫೋಟೋ.”

ಊರಿನ ವಾಟ್ಸಾಪ್ ಗುಂಪಿನಲ್ಲಿ ಆ ಫೋಟೋ ಇನ್ನೂ ಇದೆ. ಅವನು ನಗುತ್ತಿದ್ದಾನೆ. ನನ್ನ ಕೈ ಅವನ ಹೆಸರಿನ ಮೇಲಿದೆ.