ಹಿತ್ತಲ ಕೊಳದ ನೀರು

ಹನ್ನೆರಡು ಹತ್ತಲ ನೂರಿಪ್ಪತ್ತು. ನೂರಿಪ್ಪತ್ತು ಮೂರಲ ಮುನ್ನೂರ ಅರವತ್ತು. ಸರಿಯೇ? ಸರಿ. ಆದರೂ ಮತ್ತೊಮ್ಮೆ ಗುಣಿಸಿದೆ. ಅಪ್ಪ ಬಾಯಿಲೆಕ್ಕದಲ್ಲಿ ಹೇಳಿದ್ದನ್ನು ನಾನು ಬೆನ್ನ ಹಿಂದೆ ಬೆರಳು ಮಡಿಸುತ್ತ ಪರೀಕ್ಷಿಸುತ್ತಿದ್ದೆ. ಎದುರಿನ ಕೊಳದಲ್ಲಿ ಬಣ್ಣದ ಮೀನುಗಳು ನೀರಿನಿಂದ ಮೂತಿ ಮೇಲೆತ್ತಿ ಬಾಯಿ ತೆರೆದು ಮುಚ್ಚುತ್ತಿದ್ದವು. ಅವುಗಳ ಮೈಮೇಲೆ ಹತ್ತಿಯ ಎಳೆಯಂಥ ಬಿಳಿ ಬೂಷ್ಟು ಹಿಡಿದಿತ್ತು.

ಕೊಳ ನಮ್ಮ ಹಿತ್ತಲ ಬೇಲಿಯಾಚೆಯ ಮನೆಯ ಪಂಕಜಾಕ್ಷಮ್ಮನವರದು. ಅಷ್ಟರಲ್ಲಾಗಲೇ ಎರಡು ಮೀನು ಸತ್ತಿದ್ದವು. ಪಶುವೈದ್ಯರು ನೇರಳೆ ಹರಳಿನ ಪೊಟ್ಟಣಗಳನ್ನು ಕೊಟ್ಟು, ಸಾವಿರ ಲೀಟರು ನೀರಿಗೆ ಎರಡೇ ಗ್ರಾಂ, ಹೆಚ್ಚಾದರೆ ಕಿವಿರು ಸುಟ್ಟು ಒಂದೂ ಉಳಿಯುವುದಿಲ್ಲ ಎಂದು ಹೆದರಿಸಿ ಕಳಿಸಿದ್ದರು. ಕೊಳದಲ್ಲಿ ಎಷ್ಟು ನೀರಿದೆಯೆಂದು ಯಾರನ್ನು ಕೇಳುವುದು? ಆಕೆ ಬೇಲಿಯಾಚೆಯಿಂದಲೇ ಕೂಗಿದ್ದರು.

"ಓವರ್‌ಸೀಯರ್ರೇ, ಸೀಮೆ ಕೆರೆಗಳನ್ನೆಲ್ಲ ಅಳೆದವರು ನೀವು. ನಮ್ಮನೆ ಗುಂಡಿ ಒಂದು ಅಳೆದುಕೊಡಿ."

ಬಹಳ ದಿನಗಳಿಂದ ಅಪ್ಪನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದರು. ಕ್ಷೌರದಂಗಡಿಯಿಂದ ಹೊರಟವರು ಎಲ್ಲೋ ತಿರುಗಿ, ಗುರುತಿನವರೊಬ್ಬರ ಕೈಹಿಡಿದು ಮನೆ ಸೇರಿದ್ದರು. ಅಂದು ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅಳತೆಯ ಗಳ ಹಿಡಿದು ಹೊರಟಾಗ ಅಮ್ಮ ನನ್ನನ್ನು ಒಳಗೆ ಕರೆದಳು.

"ಜೊತೇಲಿ ಹೋಗೋ. ಇನ್ನೊಂದು ಎಡವಟ್ಟಾಯ್ತೋ, ಇವರನ್ನ ಒಬ್ಬರನ್ನೇ ಗೇಟು ದಾಟೋಕೆ ಬಿಡಲ್ಲ. ನೀನೂ ಅವರ ಪರ ಮಾತಾಡಕೂಡದು."

ಹಾಗಾಗಿ ನಾನು ಕಾವಲುಗಾರನಂತೆ ಹಿಂದೆ ಹೋಗಿದ್ದೆ. ಕಲ್ಲು ಕಟ್ಟಿದ ಕೊಳದ ಉದ್ದ ಅಗಲವನ್ನು ಟೇಪು ಹಿಡಿದು ಅಳೆದೆವು: ಹನ್ನೆರಡಡಿ, ಹತ್ತಡಿ. ಆಳಕ್ಕೆ ಅಪ್ಪ ಗಳ ಇಳಿಸಿದರು. ಅದು ಒಂದು ಕಡೆ ತಡೆಯಿತು. ಅಪ್ಪ ಮೈಭಾರ ಬಿಟ್ಟು ಒತ್ತಿದರು. ಗಳ ಇನ್ನಷ್ಟು ಇಳಿಯಿತು.

"ಗಟ್ಟಿ ನೆಲ ಸಿಗೋವರೆಗೂ ಬಿಡಬಾರದು" ಎಂದರು. "ಮೂರಡಿ, ಬರ್ಕೋ."

"ನಿಮ್ಮ ಜೊತೆ ಬಂದಿರೋ ಸಾಹೇಬರು ಯಾರು? ಡಿಗ್ರಿ ಆಗಿದೆಯಂತೆ, ಬಾಯಿ ಮಾತ್ರ ಬಂದಿಲ್ಲ" ಎಂದು ಪಂಕಜಾಕ್ಷಮ್ಮ ನಕ್ಕರು.

"ಇವನಾ? ನನ್ನ ಅಸಿಸ್ಟೆಂಟು" ಎಂದರು ಅಪ್ಪ. ಅವರ ದನಿಯಲ್ಲಿ ಹಳೆಯ ಹುರುಪು ಮರಳಿತ್ತು. "ಮುನ್ನೂರ ಅರವತ್ತು ಘನ ಅಡಿ. ಅಡಿಗೆ ಇಪ್ಪತ್ತೆಂಟು ಲೀಟರು. ಹತ್ತು ಸಾವಿರ ಲೀಟರು ಅನ್ನಿ ತಾಯಿ. ಇಪ್ಪತ್ತು ಗ್ರಾಂ ಹಾಕಿ."

ಗುಣಾಕಾರದಲ್ಲಿ ತಪ್ಪಿರಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹತ್ತು ಗ್ರಾಮಿನ ಎರಡು ಪೊಟ್ಟಣ ಹಿಡಿದು ಪಂಕಜಾಕ್ಷಮ್ಮ ಬಕೆಟ್ಟಿನ ಬಳಿ ಕೂತರು. ಆಗ ನನ್ನ ಕಣ್ಣು ಕಟ್ಟೆಗೆ ಒರಗಿಸಿದ್ದ ಗಳದ ಮೇಲೆ ಬಿತ್ತು. ಮುಳುಗಿದ್ದ ಮೂರಡಿಯಲ್ಲಿ ಮೇಲರ್ಧ ಬರೀ ಒದ್ದೆಯಾಗಿತ್ತು. ಕೆಳಗಿನರ್ಧಕ್ಕೆ ಕರಿ ಕೆಸರು ಮೆತ್ತಿಕೊಂಡಿತ್ತು.

ಅಪ್ಪ ಯಾವುದನ್ನೂ ಮರೆತಿರಲಿಲ್ಲ. ಅವರು ಜೀವಮಾನವಿಡೀ ಕೆರೆಗಳನ್ನು ಅಳೆದದ್ದು ಹೂಳೆತ್ತಿಸುವುದಕ್ಕೆ. ಎಷ್ಟು ಮಣ್ಣು ತೆಗೆಯಬೇಕೆಂದು ತಿಳಿಯಲು ಗಳ ಗಟ್ಟಿ ನೆಲವನ್ನು ಮುಟ್ಟಲೇಬೇಕಿತ್ತು. ಕೈ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು. ಆದರೆ ಇಲ್ಲಿ ಬೇಕಾಗಿದ್ದದ್ದು ನೀರಿನ ಲೆಕ್ಕ. ನೀರಿದ್ದದ್ದು ಒಂದೂವರೆ ಅಡಿ.

ಮೊದಲ ಪೊಟ್ಟಣ ಬಕೆಟ್ಟಿಗೆ ಬಿದ್ದು ನೀರು ನೇರಳೆಯಾಯಿತು. ಆಕೆ ಎರಡನೆಯದರ ದಾರ ಬಿಚ್ಚುತ್ತಿದ್ದರು. ತಪ್ಪೆಂದು ನಾನು ಬಾಯಿಬಿಟ್ಟರೆ ಸಂಜೆಯೊಳಗೆ ಅದು ಬೇಲಿ ದಾಟಿ ಅಮ್ಮನ ಕಿವಿಗೆ ಬೀಳುತ್ತಿತ್ತು. ಸುಮ್ಮನಿದ್ದರೆ ಮೀನುಗಳು ಸಾಯುತ್ತಿದ್ದವು, ಅದೂ ಅಪ್ಪನ ಹೆಸರಿನಲ್ಲೇ. ಕೊಳದಲ್ಲಿ ಮೂತಿಗಳು ಮೇಲೆದ್ದು ಬಾಯಿ ತೆರೆದು ಮುಚ್ಚುತ್ತಲೇ ಇದ್ದವು. ನನ್ನ ಬಾಯಿಯೂ ಹಾಗೆಯೇ ಎರಡು ಸಲ ತೆರೆದು ಮುಚ್ಚಿತು.

"ಅಪ್ಪಾ," ಎಂದೆ ಕಡೆಗೆ, "ಈ ಕೊಳದ ಹೂಳು ತೆಗೆಸಿದರೆ ಎಷ್ಟು ಮಣ್ಣು ಬರಬಹುದು?"

"ಹೂಳಾ? ಅರ್ಧಕ್ಕರ್ಧ ಹೂಳೇ ಇದೆಯಲ್ಲೋ. ನೂರೆಂಬತ್ತು..."

ಅಲ್ಲಿಗೆ ನಿಲ್ಲಿಸಿದರು. ನನ್ನನ್ನು ನೋಡಲಿಲ್ಲ. ನೀರನ್ನು ನೋಡಿದರು. ಆಮೇಲೆ ಗಳಕ್ಕೆ ಮೆತ್ತಿದ ಕೆಸರನ್ನು ನೋಡಿದರು.

"ತಾಯಿ, ಆ ಪೊಟ್ಟಣ ಹಾಗೇ ಇರಲಿ" ಎಂದರು, ಏನೂ ಆಗದವರಂತೆ. "ಒಂದೇ ಸಾಕು. ಅಡೀಲಿ ಹೂಳು ಜಾಸ್ತಿ ಇದೆ, ಅದನ್ನ ಕಳೀಬೇಕು."

"ಔಷಧಿಯಲ್ಲೂ ಕಳೆಯೋದಾ? ಒಳ್ಳೆ ಸರ್ಕಾರಿ ಲೆಕ್ಕ ನಿಮ್ದು!" ಎಂದು ಆಕೆ ದಾರವನ್ನು ಮತ್ತೆ ಬಿಗಿದರು. ಬಕೆಟ್ಟಿನ ನೀರು ಕೊಳದ ಉದ್ದಕ್ಕೂ ತೆಳ್ಳಗೆ ಹರಡಿತು. ಮೀನುಗಳು ಕೆಳಗಿಳಿದು ಕಾಣದಾದವು. ಅವು ಮತ್ತೆ ಕಾಣಿಸುವವರೆಗೂ ಅಪ್ಪ ಕಟ್ಟೆಯಿಂದ ಏಳಲಿಲ್ಲ, ನಾನೂ ಏಳಲಿಲ್ಲ.

ಬಾಗಿಲಲ್ಲೇ ಅಮ್ಮ ಕಾದಿದ್ದಳು. ಅಪ್ಪ ಚಪ್ಪಲಿ ಬಿಡುತ್ತಿದ್ದಂತೆ ನನ್ನತ್ತ ಹುಬ್ಬು ಹಾರಿಸಿದಳು.

"ಲೆಕ್ಕ ಸರಿ ಇತ್ತಾ?"

"ಇತ್ತು" ಎಂದೆ.

ಅಪ್ಪ ಒಳಗೆ ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ಆಮೇಲೂ ಕೆಲವು ಕಾಲ ಅವರು ಒಬ್ಬರೇ ಗೇಟು ದಾಟಿ ಓಡಾಡಿಕೊಂಡಿದ್ದರು. ನಾನು ಆ ಪ್ರಶ್ನೆಯನ್ನು ಏಕೆ ಕೇಳಿದೆನೆಂದು ಅವರಿಗೆ ಗೊತ್ತಿತ್ತು. ಗೊತ್ತಿತ್ತೆಂದು ಅವರು ಎಂದೂ ಹೇಳಲಿಲ್ಲ.