ಹದಿನೇಳನೆಯ ಫ್ಲಾಸ್ಕು

ಅಕ್ಕ ಎರಡನೆಯ ಫ್ಲಾಸ್ಕಿನ ಹಳೆಯ ಪೋಷಕ ದ್ರವವನ್ನು ಹೀರಿ ತೆಗೆಯುತ್ತಿದ್ದಾಗ ಪ್ರಯೋಗಾಲಯದ ಫೋನು ಮೂರನೆಯ ಸಲ ಬಡಿದುಕೊಂಡಿತು. ಕೈಗವಸು ಹಾಕಿದ ಕೈಯಲ್ಲಿ ಅದನ್ನು ಮುಟ್ಟುವಂತಿರಲಿಲ್ಲ. ಮೊಣಕೈಯಿಂದ ಸ್ಪೀಕರಿನ ಗುಂಡಿ ಒತ್ತಿದಳು.

"ಅಕ್ಕಾ, ಎಲ್ಲಿದ್ದೀರಿ? ಹನ್ನೊಂದಕ್ಕೆ ಮೇಡಂನ ತರ್ತಾರೆ. ಹೂವಿನ ಹಾರ ಯಾರು ತರೋದು?" ಸಂಸ್ಥೆಯ ನಿರ್ದೇಶಕರ ದನಿ.

"ಹಾರ ಬಂದಿದೆ ಸಾರ್. ಕೋಶಗಳಿಗೆ ಊಟ ಹಾಕಿ ಬರ್ತೀನಿ."

"ಇವತ್ತೂನಾ?"

"ಶನಿವಾರ ಅಲ್ವಾ ಸಾರ್. ಅವಕ್ಕೇನು ಗೊತ್ತು?"

ನಿರ್ದೇಶಕರು ಏನೋ ಗೊಣಗಿ ಫೋನಿಟ್ಟರು. ವಯಸ್ಸಿನಲ್ಲಿ ಅವರೇ ದೊಡ್ಡವರು, ಆದರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅಲ್ಲಿ ತಂತ್ರಜ್ಞೆಯಾಗಿದ್ದವಳಿಗೆ ಇನ್ನೊಂದು ಹೆಸರಿದೆ ಎಂಬುದು ಸಂಬಳದ ವಿಭಾಗಕ್ಕೆ ಬಿಟ್ಟರೆ ಯಾರಿಗೂ ನೆನಪಿದ್ದಂತಿರಲಿಲ್ಲ.

ಮೇಡಂ ತೀರಿಕೊಂಡಿದ್ದು ಗುರುವಾರ. ಊಟದ ಡಬ್ಬಿ ತೆರೆದಿಟ್ಟುಕೊಂಡು ಕುರ್ಚಿಯಲ್ಲೇ ಒರಗಿದ್ದರು. ಕಣ್ಣು ಮುಚ್ಚಿದ್ದನ್ನು ನೋಡಿ, ಪಾಪ ದಣಿದಿದ್ದಾರೆ ಅಂದುಕೊಂಡ ಅಕ್ಕ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋಗಿದ್ದಳು. ಹೃದಯ ಅಂದರು ವೈದ್ಯರು. ಮಿದುಳಿನ ಗಡ್ಡೆಯ ಬಗ್ಗೆ ಮೂವತ್ತು ವರ್ಷ ತಲೆ ಕೆಡಿಸಿಕೊಂಡವರಿಗೆ ತಮ್ಮ ಎದೆಯನ್ನು ಒಂದು ದಿನ ತೋರಿಸಿಕೊಳ್ಳುವಷ್ಟು ಪುರುಸೊತ್ತು ಸಿಕ್ಕಿರಲಿಲ್ಲ.

ಕೊನೆಗೆ ಉಳಿದಿದ್ದು 'ಹದಿನೇಳು' ಎಂದು ಚೀಟಿ ಅಂಟಿಸಿದ ಫ್ಲಾಸ್ಕು. ಅದನ್ನು ಸಾಕಿ ಪ್ರಯೋಜನವಿಲ್ಲವೆಂದು ಗೊತ್ತಿದ್ದವರು ಇಬ್ಬರೇ, ಅವರಲ್ಲಿ ಒಬ್ಬರು ಈಗ ಶವಾಗಾರದ ತಣ್ಣನೆಯ ಪೆಟ್ಟಿಗೆಯಲ್ಲಿದ್ದರು. ಅಕ್ಕನ ಸೊಂಟ ನೋಯುತ್ತಿತ್ತು. ಎರಡು ದಿನದಿಂದ ನಿದ್ದೆ ಇಲ್ಲ. ಚೆಲ್ಲಿಬಿಡಬಹುದಿತ್ತು. ಚೆಲ್ಲು ಎಂದು ಮೇಡಂ ಹೇಳಿರಲಿಲ್ಲವಲ್ಲ. ಹೊಸ ಗುಲಾಬಿ ದ್ರವ ತುಂಬಿ ಮುಚ್ಚಳ ತಿರುಗಿಸಿದಳು.

*

ಹನ್ನೊಂದು ವರ್ಷದ ಹಿಂದೆ ಶಸ್ತ್ರಚಿಕಿತ್ಸೆಯ ಕೋಣೆಯಿಂದ ಐಸಿನ ಡಬ್ಬದಲ್ಲಿ ಕಡಲೆಕಾಳಿನಷ್ಟು ಗಡ್ಡೆಯ ಚೂರು ಬಂದಿತ್ತು. ರೋಗಿ ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್, ವಯಸ್ಸು ನಲವತ್ತನಾಲ್ಕು. ಒಂದು ದಿನ ಏಳನೆಯ ಮಹಡಿಯಲ್ಲಿ ಸ್ಪ್ಯಾನರು ಕೈಯಲ್ಲಿ ಹಿಡಿದುಕೊಂಡು, ಅದು ಯಾತಕ್ಕೆಂದು ತೋಚದೆ ಗಂಟೆಗಟ್ಟಲೆ ನಿಂತಿದ್ದನಂತೆ. ಪ್ರಯೋಗಾಲಯಕ್ಕೆ ಬಂದ ಹದಿನೇಳನೆಯ ಚೂರು ಅವನದು.

ಇಡೀ ಮಿದುಳನ್ನು ಗರ್ಭದಲ್ಲೇ ಕಟ್ಟಿ ಮುಗಿಸಿ ಆಮೇಲೆ ಮೂಲೆ ಹಿಡಿದು ಕೂರುವ ಕೋಶಗಳಿವೆ, ಕಾಂಡಕೋಶಗಳು ಅಂತ. ಗಡ್ಡೆಯೊಳಗೂ ಅದೇ ಸ್ವಭಾವದ ಕೋಶಗಳಿದ್ದು, ಕತ್ತರಿ, ಔಷಧಿ, ಕಿರಣ ಎಲ್ಲವನ್ನೂ ಅರಗಿಸಿಕೊಂಡು ಮತ್ತೆ ಗಡ್ಡೆ ಬೆಳೆಸುತ್ತವೆ ಎಂಬುದು ಮೇಡಂ ವಾದ. "ಕೊಲ್ಲೋಕೆ ಹೋದ್ರೆ ತಿರುಗಿ ಬೀಳ್ತವೆ. ಇವಕ್ಕೆ ಬುದ್ಧಿ ಬರ್ಬೇಕು ಅಷ್ಟೆ. ದೊಡ್ಡವಾದ್ರೆ ಸುಮ್ಮನಾಗ್ತವೆ" ಎನ್ನುತ್ತಿದ್ದರು. ಹದಿನೇಳನೆಯ ಫ್ಲಾಸ್ಕಿನಲ್ಲಿ ಅವು ಹಿಪ್ಪುನೇರಳೆ ಹಣ್ಣಿನ ಹಾಗೆ ಗೊಂಚಲಾಗಿ ತೇಲಿದವು. ಹತ್ತು ತಿಂಗಳಲ್ಲಿ ಮೆಕ್ಯಾನಿಕ್ ತೀರಿಕೊಂಡ. ಕೋಶಗಳು ಮಾತ್ರ ಬೆಳೆಯುತ್ತಲೇ ಹೋದವು. ಮೇಡಂಗೆ ಹೆಸರು ತಂದ ಪ್ರಬಂಧ ಹುಟ್ಟಿದ್ದು ಅವುಗಳಿಂದಲೇ.

ಮೆಕ್ಯಾನಿಕ್‌ನ ಹೆಂಡತಿ ಬಟ್ಟೆ ಹೊಲಿಯುವವಳು. ವರ್ಷಕ್ಕೊಂದು ಸಲ ಬಂದು ಹೋಗುತ್ತಿದ್ದಳು. ಮೇಡಂ ಅವಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, "ನೋಡಿ, ನಿಮ್ಮವರು ಇನ್ನೂ ಡ್ಯೂಟಿ ಮಾಡ್ತಿದ್ದಾರೆ" ಎನ್ನುವರು. ಅವಳು ಒಂದು ಕಣ್ಣು ಮುಚ್ಚಿ ನೋಡಿ, "ಕೆಲಸಕ್ಕೇನೂ ಕಮ್ಮಿ ಇರ್ಲಿಲ್ಲ ಬಿಡಿ ಅವ್ರಿಗೆ" ಎಂದು ನಕ್ಕು ಏಳುವಳು.

*

ನಾಲ್ಕು ತಿಂಗಳ ಹಿಂದೆ ಒಂದು ವಿಜ್ಞಾನ ಪತ್ರಿಕೆಯವರು ಕೋಶಗಳ ಗುರುತಿನ ಪರೀಕ್ಷೆ ಕೇಳಿದರು. ಮೆಕ್ಯಾನಿಕ್‌ನ ರಕ್ತ ಕಾಪಿಟ್ಟಿತ್ತು. ಅದಕ್ಕೂ ಫ್ಲಾಸ್ಕಿನ ಕೋಶಗಳಿಗೂ ತಾಳೆ ನೋಡಿದಾಗ ಅವೆರಡೂ ಹೊಂದಲಿಲ್ಲ. ಹೊಂದಿದ್ದು, ಹೋಲಿಕೆಗೆಂದು ಹೊರದೇಶದಿಂದ ತರಿಸಿ ಪಕ್ಕದಲ್ಲೇ ಬೆಳೆಸುತ್ತಿದ್ದ ಬೇರೊಬ್ಬರ ಗಡ್ಡೆಯ ಕೋಶಗಳಿಗೆ. ಅವು ಬಲು ಜೋರಾಗಿ ಬೆಳೆಯುವಂಥವು. ಒಂದು ಹನಿ ಒಳಗೆ ಬಿದ್ದರೆ ಸಾಕು, ವರ್ಷದೊಳಗೆ ಮನೆಯವರನ್ನೆಲ್ಲ ಹೊರಗೆ ಹಾಕಿ ತಾವೇ ಯಜಮಾನರಾಗುತ್ತವೆ.

ಒಬ್ಬರಿಗೆ ಉಣಿಸಿದ ಬಾಟಲಿಯಿಂದ ಇನ್ನೊಬ್ಬರಿಗೆ ಉಣಿಸಬಾರದು, ಈ ಕೆಲಸದಲ್ಲಿ ಮೊದಲ ದಿನ ಕಲಿಸುವ ಪಾಠ. ಎಂದೋ ಒಂದು ದಿನ ದ್ರವ ಕಡಿಮೆ ಬಿದ್ದಿರಬೇಕು. ಯಾರೋ, ಒಂದೇ ಸಲ ತಾನೇ, ಅಂದುಕೊಂಡಿರಬೇಕು.

"ಯಾರ ಕೈ ಮೇಡಂ?" ಅಕ್ಕ ಕೇಳಿದ್ದಳು.

ಮೇಡಂ ಎರಡು ದಿನ ಹಳೆಯ ನೋಟ್‌ಬುಕ್ಕುಗಳನ್ನೆಲ್ಲ ತಿರುವಿ ಹಾಕಿದ್ದರು. "ಗೊತ್ತಾಗಲ್ಲ. ಆ ಕಾಲದಲ್ಲಿ ಇದ್ದಿದ್ದು ನಾವಿಬ್ರೇ. ನಿನ್ನದಿರ್ಬಹುದು, ನನ್ನದಿರ್ಬಹುದು. ಚೀಟಿ ಮೇಲೆ ಬರೆದಿದ್ದು ಒಳಗಿಲ್ಲ, ಅಷ್ಟೇ ಗೊತ್ತಿರೋದು."

ಅವರು ಅಳಲಿಲ್ಲ. ಪ್ರಬಂಧವನ್ನು ಹಿಂದೆ ತೆಗೆದುಕೊಳ್ಳುವ ಪತ್ರವನ್ನು ತಾವೇ ಕುಳಿತು ಬರೆದರು, ತಿದ್ದಿದರು, ಮತ್ತೆ ತಿದ್ದಿದರು. ಕಳಿಸಿದ್ದು ಸಾಯುವ ಹಿಂದಿನ ದಿನ. ಅದಲ್ಲದೆ ಮೆಕ್ಯಾನಿಕ್‌ನ ಹೆಂಡತಿಗೆ ಹೇಳುವುದೊಂದಿತ್ತು. ಆ ಮಾತನ್ನು ಅಕ್ಕ ಪರೀಕ್ಷೆಯ ವಾರವೇ ಎತ್ತಿದ್ದಳು.

"ಅವ್ರಿಗೂ ಪತ್ರ ಬರೀಬಹುದಲ್ಲ ಮೇಡಂ."

"ಹತ್ತು ವರ್ಷ ಮುಖ ನೋಡ್ಕೊಂಡು ಸುಳ್ಳು ಹೇಳಿದ್ದೀನಿ. ನಿಜಾನೂ ಮುಖ ನೋಡ್ಕೊಂಡೇ ಹೇಳ್ಬೇಕು. ಇನ್ನೊಂದು ವಿಷ್ಯ. ಚೂರು ಬಂದ ಎರಡನೇ ವಾರದಲ್ಲಿ ಹೆಪ್ಪುಗಟ್ಟಿಸಿ ತೆಗೆದಿಟ್ಟ ಒಂದು ಸೀಸೆ ಶೀತಲ ತೊಟ್ಟಿಯಲ್ಲಿ ಇನ್ನೂ ಇದೆ. ಅದರ ಗುರುತು ನೋಡಿಸ್ದೆ. ಅದು ಆಕೆ ಯಜಮಾನ್ರದೇ. ಅದೊಂದೇ. ಆಕೆ ಹೂಂ ಅನ್ನೋವರೆಗೆ ಅದನ್ನ ಮುಟ್ಟಬೇಡ. ಶನಿವಾರ ನಾನೇ ಹೋಗ್ತೀನಿ."

ಹದಿನಾರು ಶನಿವಾರ ಬಂದು ಹೋದವು. ಪ್ರತಿ ಶನಿವಾರವೂ ಮೇಡಂ ಬ್ಯಾಗು ಹೆಗಲಿಗೇರಿಸಿ ಬಾಗಿಲ ತನಕ ಹೋಗಿ, "ಇವತ್ತು ಯಾಕೋ ಸುಸ್ತು" ಎಂದು ಬಂದು ಕೂತುಬಿಡುತ್ತಿದ್ದರು.

*

ಚಿತಾಗಾರದ ಹಜಾರದಲ್ಲಿ ನಲವತ್ತು ಕುರ್ಚಿ ಹಾಕಿದ್ದರು, ಅರ್ಧ ತುಂಬಿದ್ದವು. ಮೇಡಂ ಮದುವೆಯಾದವರಲ್ಲ. ಅವರ ತಮ್ಮ ಮುಂದಿನ ಸಾಲಿನಲ್ಲಿ ಕೂತು, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ. "ಹಬ್ಬ ಹುಣ್ಣಿಮೆ ಏನೂ ಇಲ್ಲ. ಕರೆದಾಗೆಲ್ಲ, ಕೋಶಗಳಿಗೆ ಊಟ ಹಾಕ್ಬೇಕು ಕಣೋ ಅನ್ನೋಳು. ತಾನು ಉಂಡ್ಳೋ ಇಲ್ವೋ ಕೇಳೋರಿರ್ಲಿಲ್ಲ."

"ನಾವು ಕೇಳ್ತಿದ್ವಿ" ಅಂದಳು ಅಕ್ಕ. ಕೇಳುತ್ತಿದ್ದರು ನಿಜ, ಉತ್ತರಕ್ಕೆ ಕಾಯುತ್ತಿರಲಿಲ್ಲ.

ನಿರ್ದೇಶಕರು ಎದ್ದು ಗಂಟಲು ಸರಿಮಾಡಿಕೊಂಡರು. "ಅವರು ಹೋದ್ರೂ ಅವರ ಆ ಮಹಾ ಪ್ರಬಂಧ ಶಾಶ್ವತ" ಎಂದರು. ಆ ಪ್ರಬಂಧ ಬುಧವಾರವೇ ಹೋಗಿತ್ತು, ಮೇಡಂಗಿಂತ ಒಂದು ದಿನ ಮೊದಲು. ಪತ್ರದ ಪ್ರತಿ ನಿರ್ದೇಶಕರಿಗೂ ಬಂದಿತ್ತು, ಆದರೆ ಅವರು ತಮಗೆ ಸನ್ಮಾನವಿಲ್ಲದ ಪತ್ರಗಳನ್ನು ತೆರೆಯುವವರಲ್ಲ. ಅಕ್ಕ ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡಿಕೊಂಡಳು. ಸೋಮವಾರ ಅವರಾಗಿಯೇ ಓದಿಕೊಳ್ಳಲಿ.

ಕಬ್ಬಿಣದ ಬಾಗಿಲು ಮುಚ್ಚಿದ ಮೇಲೆ ಯಾರೋ ಮೊಣಕೈ ಮುಟ್ಟಿದರು. ಹದಿನೇಳರ ಹೆಂಡತಿ. ಕಂದು ಸ್ವೆಟರು, ಕೊರಳಲ್ಲಿ ತೆಗೆಯುವುದನ್ನೇ ಮರೆತ ಅಳತೆಯ ಟೇಪು.

"ಪೇಪರಲ್ಲಿ ನೋಡ್ದೆ. ಅಂಗಡಿ ಹಾಗೇ ಬಿಟ್ಟು ಬಂದೆ" ಎಂದಳು ಹೆಂಗಸು. "ನಿಮ್ಮನ್ನ ಒಂದು ಕೇಳ್ಬೇಕಿತ್ತು. ತಪ್ಪು ತಿಳೀಬೇಡಿ."

"ಕೇಳಿ."

"ಮೇಡಂ ಹೋದ್ರು. ಇನ್ನು ನಮ್ಮವ್ರನ್ನೂ ಕಳಿಸಿಬಿಡಿ. ಇದ್ದಾಗ ಆ ಮನುಷ್ಯ ನೆಟ್ಟಗೆ ನಿದ್ದೆ ಮಾಡ್ಲಿಲ್ಲ. ಊಟಕ್ಕೆ ಕೂತ್ರೆ ಫೋನು, ಎಲ್ಲೋ ಯಾರೋ ಲಿಫ್ಟಲ್ಲಿ ಸಿಕ್ಕಾಕೊಂಡಿದ್ದಾರೆ ಅಂತ. ಸತ್ತ ಮೇಲೂ ದುಡಿತಾನೇ ಇದ್ದಾರೆ. ಸಾಕು. ನನಗೂ ಸಾಕಾಗಿದೆ."

ಇದಕ್ಕಿಂತ ಸುಲಭದ ದಾರಿ ಅಕ್ಕನಿಗೆ ಸಿಗುವಂತಿರಲಿಲ್ಲ. ಆಯಿತು ಅಂದು, ಅವಳೆದುರಿಗೇ ಫ್ಲಾಸ್ಕು ಬರಿದು ಮಾಡಿದರೆ ಮುಗಿಯಿತು. ಅವಳು ಸಮಾಧಾನದಿಂದ ಮನೆಗೆ ಹೋಗುತ್ತಾಳೆ, ಮತ್ತೆ ಬರುವುದಿಲ್ಲ. ತೊಟ್ಟಿಯ ತಳದ ಆ ಒಂದು ಸೀಸೆಯನ್ನು ಎತ್ತುವವರೂ ಇರುವುದಿಲ್ಲ. ಮೇಡಂನ ಮೂವತ್ತು ವರ್ಷವೂ, ಆ ಮೆಕ್ಯಾನಿಕ್‌ನ ಕಥೆಯೂ ಸುಳ್ಳಿನಲ್ಲೇ ಮುಗಿದುಹೋಗುತ್ತವೆ. ಅಕ್ಕನಿಗೆ ಕೂತುಬಿಡಬೇಕು ಅನ್ನಿಸಿತು. ಹದಿನಾರು ಶನಿವಾರ ಮೇಡಂ ಬಾಗಿಲಿನಿಂದ ಯಾಕೆ ಹಿಂದಿರುಗಿದರು ಎಂಬುದು ಅವಳ ಕಾಲಿಗೆ ಈಗ ಗೊತ್ತಾಯಿತು.

"ಪ್ರಯೋಗಾಲಯಕ್ಕೆ ಬನ್ನಿ. ಹೇಳೋದಿದೆ" ಎಂದಳು.

*

ಹೆಂಗಸು ಎಂದಿನ ಸ್ಟೂಲಿನ ಮೇಲೆ ಕೂತಳು. ಅಕ್ಕ ಫ್ಲಾಸ್ಕು ತಂದು ಮೇಜಿನ ಮೇಲಿಟ್ಟಳು, ಸೂಕ್ಷ್ಮದರ್ಶಕಕ್ಕೆ ಏರಿಸಲಿಲ್ಲ.

"ಇದು ನಿಮ್ಮೆಜಮಾನ್ರಲ್ಲ."

ಹೆಂಗಸು ಚೀಟಿ ನೋಡಿದಳು. "ಹದಿನೇಳು ಅಂತಿದೆಯಲ್ಲ."

ಅಕ್ಕ ಎಲ್ಲ ಹೇಳಿದಳು. ಬಾಟಲಿ, ಒಂದು ಹನಿ, ಪರೀಕ್ಷೆ, ಹದಿನಾರು ಶನಿವಾರ. ಯಾರ ಕೈ ಎಂಬುದನ್ನೂ ಬಿಡಲಿಲ್ಲ. "ನನ್ನದಿರಬಹುದು" ಎಂದಳು. ಹೆಂಗಸು ಅಳತೆಯ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೇಳಿದಳು. ಬಯ್ಯಲಿಲ್ಲ. ಬಯ್ದಿದ್ದರೆ ಅಕ್ಕನಿಗೆ ಹಗುರಾಗುತ್ತಿತ್ತು.

"ಹಾಗಾದ್ರೆ ಹತ್ತು ವರ್ಷ ನಾನು ಬಂದು ಯಾರನ್ನ ನೋಡ್ಕೊಂಡು ಹೋದೆ?"

"ಗೊತ್ತಿಲ್ಲ. ಯಾವುದೋ ದೇಶದ, ಯಾವುದೋ ಆಸ್ಪತ್ರೆಯ ರೋಗಿ. ಹೆಸರು ಯಾರೂ ಬರೆದಿಟ್ಟಿಲ್ಲ."

"ಅವ್ರಿಗೂ ಮನೇಲಿ ಯಾರಾದ್ರೂ ಇದ್ದಿರ್ಬೇಕು" ಎಂದಳು ಹೆಂಗಸು. ಆಮೇಲೆ ಫ್ಲಾಸ್ಕನ್ನು ಅಕ್ಕನ ಕಡೆಗೆ ಸರಿಸಿದಳು. "ಇವ್ರನ್ನ ಕಳಿಸಿಬಿಡಿ."

ಅಕ್ಕ ಫ್ಲಾಸ್ಕಿಗೆ ಬ್ಲೀಚು ಸುರಿದಳು. ಗುಲಾಬಿ ಬಣ್ಣ ಇಳಿದು ನೀರಾಗುವವರೆಗೆ ಇಬ್ಬರೂ ಎದ್ದು ನಿಂತಿದ್ದರು.

"ನಮ್ಮವರು?"

"ತೊಟ್ಟಿಯಲ್ಲಿ. ಒಂದೇ ಸೀಸೆ. ಹನ್ನೊಂದು ವರ್ಷದಿಂದ ಹೆಪ್ಪುಗಟ್ಟಿ ಮಲಗಿದ್ದಾರೆ."

ಹೆಂಗಸಿನ ಮುಖದಲ್ಲಿ ನಗುವೋ ಅಳುವೋ ತಿಳಿಯದ ಒಂದು ಬದಲಾವಣೆ ಕಂಡಿತು. "ಮಲಗಿದ್ರಾ? ಇಷ್ಟು ವರ್ಷವೂ?"

"ಹೂಂ."

"ಒಳ್ಳೇದಾಯ್ತು." ಸ್ವೆಟರಿನ ತೋಳಿಗೆ ಮೂಗು ಒರೆಸಿಕೊಂಡಳು. "ಎಬ್ಬಿಸಿದ್ರೆ ಏನಾಗುತ್ತೆ?"

"ಅರ್ಧಕ್ಕರ್ಧ ಸಾಯ್ತವೆ. ಉಳಿದದ್ದು ಬೆಳೆದ್ರೆ ಮೊದಲಿಂದ ಶುರು ಮಾಡ್ಬೇಕು. ಮೇಡಂ ಅಂದ್ಕೊಂಡಿದ್ದು ನಿಜವೋ ಸುಳ್ಳೋ ಆಗ ಗೊತ್ತಾಗುತ್ತೆ. ನನಗೆ ನಿವೃತ್ತಿಗೆ ಎರಡು ವರ್ಷ ಇದೆ. ಅದರ ಮೇಲೆ ಯಾರು ನೋಡ್ಕೊಳ್ತಾರೋ ನಾನು ಮಾತು ಕೊಡಲಾರೆ. ನೀವು ಬೇಡ ಅಂದ್ರೆ ಅದನ್ನೂ ಇವತ್ತೇ ಕಳಿಸೋಣ."

ಹೆಂಗಸು ಖಾಲಿ ಸಿಂಕನ್ನು ನೋಡುತ್ತ ಯೋಚಿಸಿದಳು. ಹೊರಗೆ ಕಾರಿಡಾರಿನಲ್ಲಿ ಯಾರೋ ಟ್ರಾಲಿ ತಳ್ಳಿಕೊಂಡು ಹೋದರು.

"ಎಬ್ಬಿಸಿ" ಎಂದಳು ಕೊನೆಗೆ. "ಹನ್ನೊಂದು ವರ್ಷ ನಿದ್ದೆ ಆಯ್ತಲ್ಲ. ಎರಡು ವರ್ಷ ಡ್ಯೂಟಿ ಮಾಡ್ಲಿ. ನೀವು ಮನೆಗೆ ಹೋಗೋ ದಿನ ಅವ್ರನ್ನೂ ಕಳಿಸಿಬಿಡಿ. ಬೇರೆಯವ್ರ ಕೈಗೆ ಬೇಡ."

"ಸೋಮವಾರ ಎಬ್ಬಿಸ್ತೀನಿ."

"ಸೋಮವಾರಾನಾ? ಎಬ್ಬಿಸಿದ್ರೆ ನಮ್ಮವರು ಬೈತಾರೆ."

ಇಬ್ಬರೂ ನಕ್ಕರು. ನಗು ಬಹಳ ದೂರ ಹೋಗಲಿಲ್ಲ. ಅಕ್ಕ ಹೊಸ ಫ್ಲಾಸ್ಕು ತೆಗೆದು, ಚೀಟಿ ಅಂಟಿಸಿ, ಪೆನ್ನಿನ ಮುಚ್ಚಳ ಬಿಚ್ಚಿದಳು.

"ಹದಿನೇಳು ಅಂತ ಬರೀಬೇಡಿ" ಎಂದಳು ಹೆಂಗಸು. "ಆ ಹೆಸ್ರಲ್ಲಿ ಬೇರೆಯವ್ರು ಇದ್ದು ಹೋದ್ರು."

ರೋಗಿಯ ಹೆಸರು ಬರೆಯುವುದು ನಿಯಮಕ್ಕೆ ವಿರುದ್ಧ. ಅಕ್ಕ ಪೆನ್ನನ್ನು ಅವಳ ಕೈಗೆ ಕೊಟ್ಟಳು.

ಹೆಂಗಸು ಫ್ಲಾಸ್ಕನ್ನು ಎಡಗೈಯಲ್ಲಿ ಒತ್ತಿ ಹಿಡಿದು, ಮುಂದಕ್ಕೆ ಬಾಗಿ, ಶಾಲೆಯ ಮಕ್ಕಳ ಹಾಗೆ ಗಂಡನ ಹೆಸರಿನ ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಬರೆದಳು. ತಂದೆಯ ಹೆಸರನ್ನೂ ಬಿಡಲಿಲ್ಲ. ಎರಡಂಕಿ ಬರೆಯಲೆಂದು ಮಾಡಿದ ಚೀಟಿ ಸಾಲಲಿಲ್ಲ. ಅವಳು ನಿಲ್ಲಿಸಲಿಲ್ಲ. ಕೊನೆಯ ನಾಲ್ಕು ಅಕ್ಷರ ಅಂಚು ದಾಟಿ, ಖಾಲಿ ಪ್ಲಾಸ್ಟಿಕ್ಕಿನ ಮೇಲೆ ಕಪ್ಪಗೆ ಕೂತವು.